ಹೊಡೆಯೋವಾಗ ಗುಲಾಬಿ, ಒಣಗಿದ್ಮೇಲೆ ಬಿಳಿ: ಬಣ್ಣ ಬದಲಾಯಿಸೋ ಸೀಲಿಂಗ್ ಪೇಂಟ್ ಬಳಸಿ ನೋಡಿದ್ಮೇಲೆ

ಸೀಲಿಂಗಿಗೆ ಬಿಳಿ ಮೇಲೆ ಬಿಳಿ ಹೊಡೆಯೋ ಕಷ್ಟ ಹೊಡೆದೋರಿಗೇ ಗೊತ್ತು. ಹಳೇದೂ ಬಿಳಿ, ಹೊಸದೂ ಬಿಳಿ, ಕತ್ತು ಮೇಲೆತ್ತಿ ನಿಂತ್ಕೊಂಡು ನೋಡಿದ್ರೆ ರೋಲರ್ ಎಲ್ಲಿ ಹೋಗಿದೆ ಎಲ್ಲಿ ಹೋಗಿಲ್ಲ ಅನ್ನೋದೇ ತಿಳಿಯಲ್ಲ, ಹಸಿ ಇರೋವಾಗ ಒಂದ್ ಕಡೆ ನಿಂತ್ರೆ ಹೊಳೆಯತ್ತೆ ಇನ್ನೊಂದ್ ಕಡೆ ನಿಂತ್ರೆ ಏನೂ ಕಾಣಲ್ಲ, ಕೊನೆಗೆ ಎಲ್ಲಾ ಒಣಗಿ ಸಾಮಾನು ವಾಪಸ್ ಜೋಡಿಸಿದ ಮೇಲೆ ಬೆಳಗಿನ ಬಿಸಿಲು ಕಿಟಕಿಯಿಂದ ಓರೆಯಾಗಿ ಬಿದ್ದಾಗ ಬಿಟ್ಟುಹೋದ ಜಾಗ ಒಂದೊಂದೇ ಎದ್ದು ಕಾಣತ್ತೆ. ಇದಕ್ಕೇ ಅಂತ ಬಂದಿರೋದು ಈ ಬಣ್ಣ ಬದಲಾಯಿಸೋ ಸೀಲಿಂಗ್ ಪೇಂಟ್. ಡಬ್ಬ ತೆಗೆದಾಗ ಗುಲಾಬಿ, ಹೊಡೆಯೋವಾಗ ತಿಳಿ ಗುಲಾಬಿ, ಒಣಗ್ತಾ ಒಣಗ್ತಾ ಪೂರ್ತಿ ಬಿಳಿ. ಬ್ರ್ಯಾಂಡ್ ಹೆಸರು ಹಾಕ್ತಿಲ್ಲ, ಯಾಕಂದ್ರೆ ಈ ಥರದ್ದನ್ನ ಬೇರೆ ಬೇರೆ ಕಂಪನಿಯವರು ಮಾಡ್ತಾರೆ, ಕೆಲವರದ್ದು ಗುಲಾಬಿ, ಕೆಲವರದ್ದು ನೇರಳೆ ಛಾಯೆ, ಒಳಗಿನ ಉಪಾಯ ಹೆಚ್ಚುಕಮ್ಮಿ ಒಂದೇ. ಹಾಗಾಗಿ ಒಂದು ಡಬ್ಬದ ಬಗ್ಗೆ ಅನ್ನೋದಕ್ಕಿಂತ ಈ ಜಾತಿ ಪೇಂಟ್ ಬಗ್ಗೆ ಬರೆದಿದೀನಿ ಅಂದ್ಕೊಳ್ಳಿ.

ಹಾಲ್ ಸೀಲಿಂಗಿಗೆ ಇದನ್ನ ಹೊಡೆದೆ, ಪಕ್ಕದ ರೂಮಿಗೆ ಮಾಮೂಲಿ ಬಿಳಿ ಸೀಲಿಂಗ್ ಪೇಂಟ್ ಹೊಡೆದೆ, ರೋಲರ್ ಅದೇ, ಕೋಲು ಅದೇ, ಕೈಯೂ ಅದೇ. ಹೋಲಿಸೋಕೆ ಇದಕ್ಕಿಂತ ಒಳ್ಳೇ ದಾರಿ ನಂಗೆ ಗೊತ್ತಿಲ್ಲ.

ಮೊದಲು ಒಳ್ಳೇದು ಹೇಳ್ತೀನಿ. ರೋಲರ್ ಎತ್ತಿ ಮೊದಲನೇ ಪಟ್ಟಿ ಎಳೆದ ಕೂಡ್ಲೇ ವ್ಯತ್ಯಾಸ ಗೊತ್ತಾಗತ್ತೆ. ಹಳೇ ಬಿಳಿ ಮೇಲೆ ಗುಲಾಬಿ ಪಟ್ಟಿ ಸ್ಪಷ್ಟವಾಗಿ ನಿಂತಿರತ್ತೆ, ಅದರ ಅಂಚು ಎಲ್ಲಿದೆ ಅಂತ ಕೆಳಗೆ ನಿಂತೇ ಕಾಣತ್ತೆ, ಮುಂದಿನ ಪಟ್ಟಿನ ಆ ಅಂಚಿನ ಮೇಲೆ ಒಂದೆರಡು ಇಂಚು ಹತ್ತಿಸಿ ಎಳೀಬಹುದು. ಪೇಂಟ್ ಕಮ್ಮಿ ಆದ ಜಾಗ ಮಾಸಿದ ಗುಲಾಬಿ, ಸರಿಯಾಗಿ ಬಿದ್ದ ಜಾಗ ಗಾಢ ಗುಲಾಬಿ, ಅಂದ್ರೆ ಎಷ್ಟು ದಪ್ಪ ಬಿದ್ದಿದೆ ಅನ್ನೋದೂ ಒಂದು ಮಟ್ಟಕ್ಕೆ ತಿಳಿಯತ್ತೆ. ಫ್ಯಾನ್ ಕಪ್ ಸುತ್ತ, ಲೈಟ್ ಹೋಲ್ಡರ್ ಪಕ್ಕ, ಕಿಟಕಿ ಮೇಲಿನ ಮೂಲೆ, ಈ ಮೂರು ಕಡೆ ರೋಲರ್ ಪೂರ್ತಿ ಹೋಗಲ್ಲ, ಬ್ರಶ್ಶೂ ಅರ್ಧಂಬರ್ಧ ತಾಗತ್ತೆ. ಫ್ಯಾನ್ ಕಪ್ ಪಕ್ಕ ಬ್ರಶ್ ಗುಲಾಬಿಗೂ ರೋಲರ್ ಗುಲಾಬಿಗೂ ಮಧ್ಯೆ ಬೆರಳಗಲದ ಬಿಳಿ ಗೆರೆ ಒಂದು ಅರ್ಧಚಂದ್ರನ ಹಾಗೆ ಬಾಗಿ ಉಳಿದಿತ್ತು, ಅದು ಮಾಮೂಲಿ ಪೇಂಟಲ್ಲಿ ಆಗಿದ್ರೆ ಖಂಡಿತ ಕಾಣ್ತಿರ್ಲಿಲ್ಲ. ಅಲ್ಲೇ ನಿಂತು ಮುಚ್ಚಿದೆ, ಮುಗೀತು.

ಪಕ್ಕದ ರೂಮಲ್ಲಿ ಮಾಮೂಲಿ ಪೇಂಟಿಗೆ ಟಾರ್ಚ್ ಬೇಕಾಯ್ತು. ನಮ್ಮ ತಮ್ಮ ಗೋಡೆ ಪಕ್ಕ ಸ್ಟೂಲ್ ಮೇಲೆ ನಿಂತು ಸೀಲಿಂಗಿಗೆ ಸಮಾನಾಂತರವಾಗಿ ಟಾರ್ಚ್ ಹಿಡಿದ, ಓರೆ ಬೆಳಕಲ್ಲಿ ಹಸಿ ಜಾಗ ಹೊಳೆಯತ್ತಲ್ಲ ಅದನ್ನ ನೋಡ್ಕೊಂಡು ಹೊಡೆದಿದ್ದು. ಕೆಲಸ ಆಗತ್ತೆ, ಆದ್ರೆ ಇನ್ನೊಬ್ಬರು ಬೇಕು. ಒಬ್ಬರೇ ಹೊಡೆಯೋರಿಗೆ ಈ ಗುಲಾಬಿ ಪೇಂಟ್ ಟಾರ್ಚ್ ಹಿಡಿಯೋ ಇನ್ನೊಂದು ಕೈನ ಉಳಿಸತ್ತೆ.

ಈ ಬಣ್ಣ ಎಲ್ಲಿಗೆ ಹೋಗತ್ತೆ ಅಂತ ತುಂಬಾ ಜನ ಕೇಳಿದ್ರು. ಹೈಸ್ಕೂಲು ಕಾಲೇಜು ಲ್ಯಾಬಲ್ಲಿ ಟೈಟ್ರೇಷನ್ ಮಾಡಿರೋರಿಗೆ ಫಿನಾಲ್ಫ್‌ಥಲೀನ್ ನೆನಪಿರತ್ತೆ, ಕ್ಷಾರ ಇದ್ರೆ ಗುಲಾಬಿ, ಪಿಎಚ್ (ಕ್ಷಾರ ಎಷ್ಟಿದೆ ಅಂತ ಹೇಳೋ ಅಳತೆ) ಸುಮಾರು 8ಕ್ಕಿಂತ ಕೆಳಗಿಳಿದ್ರೆ ಬಣ್ಣವೇ ಇಲ್ಲ. ಪೇಂಟಲ್ಲಿ ಕೆಲಸ ಮಾಡೋದು ಇದೇ ಥರದ ಸೂಚಕ. ನೀರಿನ ಪೇಂಟ್ ಡಬ್ಬದೊಳಗೆ ಸ್ವಲ್ಪ ಕ್ಷಾರವಾಗೇ ಇರತ್ತೆ, ಹೊಡೆದ ಮೇಲೆ ಅದರಲ್ಲಿರೋ ಅಮೋನಿಯಾದಂಥ ಆವಿಯಾಗೋ ಕ್ಷಾರ ಗಾಳಿಗೆ ಹೋಗತ್ತೆ, ಗಾಳಿಯ ಕಾರ್ಬನ್ ಡೈಆಕ್ಸೈಡ್ ಒಳಗೆ ಸೇರತ್ತೆ, ಪಿಎಚ್ ಇಳಿಯತ್ತೆ, ಗುಲಾಬಿ ಮಾಯ. ಸೂಚಕ ಅಲ್ಲೇ ಇರತ್ತೆ, ಬಣ್ಣ ಮಾತ್ರ ಇರಲ್ಲ. ಇದನ್ನ ನೆನಪಿಟ್ಕೊಳ್ಳಿ, ಮುಂದೆ ಎರಡು ಕಡೆ ಬೇಕಾಗತ್ತೆ.

ನನ್ನ ಪ್ರಕಾರ ಈ ಪೇಂಟಿನ ನಿಜವಾದ ಲಾಭ ಬಿಟ್ಟ ಜಾಗ ತೋರ್ಸೋದಕ್ಕಿಂತ ಹೆಚ್ಚಾಗಿ ಇನ್ನೊಂದಿದೆ, ಅದನ್ನ ಡಬ್ಬದ ಮೇಲೆ ಯಾರೂ ದೊಡ್ಡದಾಗಿ ಬರೆಯಲ್ಲ. ಸೀಲಿಂಗಲ್ಲಿ ಪಟ್ಟೆ ಪಟ್ಟೆ ಯಾಕೆ ಬರತ್ತೆ? ಒಂದು ಪಟ್ಟಿ ಎಳೆದು ಏಣಿ ಸರಿಸಿ ಟ್ರೇ ತುಂಬಿಸಿ ವಾಪಸ್ ಬರೋಷ್ಟರಲ್ಲಿ ಆ ಪಟ್ಟಿಯ ಅಂಚು ಅರ್ಧ ಒಣಗಿರತ್ತೆ, ಅದರ ಮೇಲೆ ಹೊಸ ಪೇಂಟ್ ಬಿದ್ದಾಗ ಎರಡೂ ಬೆರೆಯಲ್ಲ, ಅಲ್ಲಿ ಮಾತ್ರ ದಪ್ಪ ಜಾಸ್ತಿ ಆಗಿ ಮೇಲ್ಮೈ ಬೇರೆ ಥರ ಆಗತ್ತೆ, ಒಣಗಿದ ಮೇಲೆ ಓರೆ ಬೆಳಕಲ್ಲಿ ಅದು ಗೆರೆಯಾಗಿ ಕಾಣತ್ತೆ. ಅಂಚು ಒಣಗೋಕೆ ಬಿಡಬಾರ್ದು ಅಂತ ಪೇಂಟರ್‌ಗಳು ಯಾವಾಗಲೂ ಹೇಳೋದು ಇದಕ್ಕೇ. ಆದ್ರೆ ಅಂಚು ಹಸಿ ಇದ್ಯಾ ಇಲ್ವಾ ಅಂತ ಬಿಳಿ ಪೇಂಟಲ್ಲಿ ಗೊತ್ತಾಗೋದು ಹೇಗೆ? ಗುಲಾಬಿ ಪೇಂಟಲ್ಲಿ ಅಂಚಿನ ಬಣ್ಣ ಗಾಢವಾಗಿದ್ರೆ ಸಮಯ ಇದೆ, ಪೇಲವ ಆಗ್ತಾ ಬಂತಂದ್ರೆ ಬೇಗ ಬನ್ನಿ ಅಂತ ಅದೇ ಹೇಳತ್ತೆ. ಹಾಲ್‌ನಲ್ಲಿ ಒಂದೇ ಒಂದು ಗೆರೆ ಬಂದಿಲ್ಲ, ರೂಮಲ್ಲಿ ಬಾಗಿಲ ಮೇಲ್ಗಡೆ ಒಂದು ಗೆರೆ ಇದೆ, ಎರಡನೇ ಕೋಟ್ ಆದ್ಮೇಲೂ ಸಂಜೆ ಹೊತ್ತು ನೋಡಿದ್ರೆ ಕಾಣತ್ತೆ.

ಬಣ್ಣ ಹೋದ ಕೂಡ್ಲೇ ಪೇಂಟ್ ಒಣಗಿದೆ ಅಂತ ಮಾತ್ರ ತಿಳ್ಕೋಬೇಡಿ. ಬಣ್ಣ ಹೋಗೋದು ಪಿಎಚ್ ಲೆಕ್ಕ, ಒಣಗೋದು ನೀರಿನ ಲೆಕ್ಕ, ಎರಡೂ ಹೆಚ್ಚುಕಮ್ಮಿ ಜೊತೆಜೊತೆ ಹೋಗತ್ತೆ ಅಷ್ಟೇ. ಎರಡನೇ ಕೋಟ್ ಯಾವಾಗ ಅನ್ನೋದಕ್ಕೆ ಡಬ್ಬದ ಮೇಲೆ ಬರೆದಿರೋ ಗಂಟೆ ನೋಡಿ, ಬಣ್ಣ ನೋಡಿ ನಿರ್ಧರಿಸ್ಬೇಡಿ. ಬಿಸಿ ಇರೋ ರೂಮಲ್ಲಿ, ಗಾಳಿ ಬೀಸೋ ಕಿಟಕಿ ಪಕ್ಕ ಗುಲಾಬಿ ತುಂಬಾ ಬೇಗ ಹೋಗಿಬಿಡತ್ತೆ, ದೊಡ್ಡ ಸೀಲಿಂಗ್ ಆದ್ರೆ ಈ ಕಡೆ ಮುಗಿಸಿ ಆ ಕಡೆ ಹೋಗಿ ತಿರುಗಿ ನೋಡಿದ್ರೆ ಮೊದಲು ಹೊಡೆದದ್ದು ಆಗ್ಲೇ ಬಿಳಿ. ಆದ್ರಿಂದ ಪರಿಶೀಲನೆ ಕೊನೆಗೆ ಅಂತ ಇಟ್ಕೋಬಾರ್ದು, ಪ್ರತಿ ಪಟ್ಟಿ ಆದ್ಮೇಲೂ ಒಂದ್ಸಲ ಹಿಂದೆ ನಿಂತು ನೋಡ್ಬೇಕು. ಹೊಡೆಯೋವಾಗ ಫ್ಯಾನ್ ಆಫ್, ಕಿಟಕಿ ಸ್ವಲ್ಪ ಮಾತ್ರ ತೆಗೆದಿಡಿ, ಮುಗಿದ ಮೇಲೆ ಪೂರ್ತಿ ತೆಗೀರಿ.

ಈಗ ಕೊರತೆ. ಡಬ್ಬದ ಮೇಲೆ ಒಂದೇ ಕೋಟ್ ಸಾಕು ಅನ್ನೋ ಅರ್ಥ ಬರೋ ಹಾಗೆ ಬರೆದಿದ್ರು, ಅದನ್ನ ನಾನು ಒಪ್ಪಲ್ಲ. ಹಳೇ ಬಿಳಿ ಶುಭ್ರವಾಗಿದ್ರೆ, ಬರೀ ಸ್ವಲ್ಪ ಮಾಸಿದ್ರೆ ಒಂದು ಕೋಟಲ್ಲಿ ಪರವಾಗಿಲ್ಲ ಅನ್ನಿಸ್ಬಹುದು. ಆದ್ರೆ ಪುಟ್ಟಿ ತುಂಬಿದ ಜಾಗ ಇದ್ರೆ ಎರಡು ಕೋಟ್ ಬೇಕೇ ಬೇಕು. ಮುಚ್ಚೋ ಶಕ್ತಿ ಬರೋದು ಟೈಟೇನಿಯಂ ಡೈಆಕ್ಸೈಡ್ ಅನ್ನೋ ಬಿಳಿ ಪುಡಿಯಿಂದ, ಗುಲಾಬಿ ಸೂಚಕಕ್ಕೂ ಅದಕ್ಕೂ ಯಾವ ಸಂಬಂಧನೂ ಇಲ್ಲ. ಅಂದ್ರೆ ನೀವು ಹೆಚ್ಚು ದುಡ್ಡು ಕೊಡೋದು ಕಾಣಿಸೋದಕ್ಕೆ, ಮುಚ್ಚೋದಕ್ಕಲ್ಲ. ಹಾಲ್ ಮತ್ತೆ ರೂಮ್ ಎರಡಕ್ಕೂ ಎರಡೆರಡು ಕೋಟೇ ಬೇಕಾಯ್ತು, ಒಣಗಿದ ಮೇಲೆ ಬಿಳುಪಲ್ಲಿ ಎರಡಕ್ಕೂ ನಂಗೇನೂ ವ್ಯತ್ಯಾಸ ಕಾಣಲಿಲ್ಲ.

ಹಸಿ ಇರೋವಾಗ ಇದು ತೆಳ್ಳಗೆ, ಹಳೇದೆಲ್ಲ ಕೆಳಗಿಂದ ಕಾಣ್ತಾ ಇರತ್ತೆ, ಅದಕ್ಕೆ ಗಾಬರಿ ಬಿದ್ದು ಮತ್ತೆ ಮತ್ತೆ ರೋಲರ್ ಹೊಡೀಬೇಡಿ. ಸೀಲಿಂಗ್ ಪೇಂಟ್ ಅಂದ್ರೆ ಹೊಳಪಿಲ್ಲದ ಮ್ಯಾಟ್ ಪೇಂಟ್, ಅದರಲ್ಲಿ ಪುಡಿ ಜಾಸ್ತಿ, ಅಂಟು ಕಮ್ಮಿ. ಒಣಗಿದಾಗ ಪುಡಿ ಕಣಗಳ ಮಧ್ಯೆ ಸಣ್ಣ ಸಣ್ಣ ಗಾಳಿ ಜಾಗ ಉಳಿಯತ್ತೆ, ಬೆಳಕು ಅಲ್ಲಿ ಚದುರಿ ಬಿಳಿ ಇನ್ನೂ ದಟ್ಟವಾಗಿ ಕಾಣತ್ತೆ. ಹಾಗಾಗಿ ಒಣಗಿದ ಮೇಲೆ ನೋಡಿ ಅಂತ ಹೇಳೋದು ಸಮಾಧಾನಕ್ಕಲ್ಲ, ನಿಜವಾಗ್ಲೂ ಮುಚ್ಚೋದು ಒಣಗಿದ ಮೇಲೇನೇ. ಅರ್ಧ ಒಣಗಿದ ಪೇಂಟ್ ಮೇಲೆ ರೋಲರ್ ಎಳೆದ್ರೆ ಪೇಂಟ್ ಕಿತ್ಕೊಂಡು ರೋಲರಿಗೆ ಅಂಟತ್ತೆ, ಆ ಜಾಗ ಒರಟಾಗಿ ಉಳಿಯತ್ತೆ.

ನೀರಿನ ಕಲೆಗೆ ಇದು ಮದ್ದಲ್ಲ, ಇದನ್ನ ಸ್ವಲ್ಪ ಗಟ್ಟಿಯಾಗೇ ಹೇಳ್ತೀನಿ ಯಾಕಂದ್ರೆ ಸೀಲಿಂಗ್ ಪೇಂಟ್ ಹೊಡೆಯೋರಲ್ಲಿ ಅರ್ಧ ಜನ ಕಲೆ ಮುಚ್ಚೋಕೇ ಹೊರಟಿರ್ತಾರೆ. ಕಂದು ಅಂಚಿನ ಕಲೆ ಇರೋದು ನೀರಲ್ಲಿ ಕರಗೋ ಪದಾರ್ಥದಿಂದ, ನೀರಿನ ಪೇಂಟ್ ಮೇಲೆ ಬಿದ್ದ ಕೂಡ್ಲೇ ಅದು ಮತ್ತೆ ಕರಗಿ ಮೇಲಕ್ಕೆ ಬರತ್ತೆ, ಎಷ್ಟು ಕೋಟ್ ಹೊಡೆದ್ರೂ ಹಳದಿ ಛಾಯೆ ಹೊರಗೆ ಇಣುಕತ್ತೆ. ಮೊದಲು ಸೋರಿಕೆ ನಿಲ್ಲಿಸ್ಬೇಕು, ಜಾಗ ಪೂರ್ತಿ ಒಣಗ್ಬೇಕು, ಆಮೇಲೆ ಕಲೆ ತಡೆಯೋ ಪ್ರೈಮರ್ ಹೊಡೀಬೇಕು, ಶೆಲ್ಲಾಕ್ (ಅರಗಿನದ್ದು) ಅಥವಾ ಆಯಿಲ್ ಪ್ರೈಮರ್ ಇದಕ್ಕೆ ಚೆನ್ನಾಗಿ ಕೆಲಸ ಮಾಡತ್ತೆ, ಅದರ ಮೇಲೆ ಸೀಲಿಂಗ್ ಪೇಂಟ್. ಸಿಗರೇಟ್ ಹೊಗೆ, ಒಲೆ ಹೊಗೆ ಹಿಡಿದ ಸೀಲಿಂಗಿಗೂ ಇದೇ ಮಾತು. ಬೂಷ್ಟು ಹಿಡಿದಿದ್ರೆ ಅದನ್ನ ಸಾಯಿಸಿ ತೊಳೆದು ಒಣಗಿಸಿ ಆಮೇಲೆ, ಬೂಷ್ಟಿನ ಮೇಲೆ ಪೇಂಟ್ ಹೊಡೆದ್ರೆ ಅದು ಕೆಳಗೇ ಬೆಳ್ಕೊಂಡು ಪೇಂಟನ್ನೇ ಎತ್ತಿಬಿಡತ್ತೆ. ಬ್ಲೀಚ್ ಬಳಸಿದ್ರೆ ಅದರ ಜೊತೆ ಅಮೋನಿಯಾ ಇರೋ ಕ್ಲೀನರ್ ಯಾವತ್ತೂ ಬೆರೆಸ್ಬೇಡಿ, ವಿಷದ ಗಾಳಿ ಬರತ್ತೆ.

ಸುಣ್ಣ ಅಥವಾ ಹಳೇ ಡಿಸ್ಟೆಂಪರ್ ಇರೋ ಸೀಲಿಂಗಾದ್ರೆ ಮೊದಲು ಕಪ್ಪು ಬಟ್ಟೆ ಒರೆಸಿ ನೋಡಿ. ಬಿಳಿ ಪುಡಿ ಹತ್ತಿದ್ರೆ ಮೇಲೆ ಯಾವ ಪೇಂಟ್ ಹೊಡೆದ್ರೂ ಪುಡಿ ಮೇಲೆ ಕೂರತ್ತೆ, ಕೆಲ ತಿಂಗಳಲ್ಲಿ ಹಾಳೆ ಹಾಳೆಯಾಗಿ ಬಿಡತ್ತೆ. ಕೆರೆದು ಒರೆಸಿ ಪುಡಿ ಕಟ್ಟೋ ಪ್ರೈಮರ್ ಹೊಡೆದು ಆಮೇಲೆ ಇದಕ್ಕೆ ಬನ್ನಿ. ಹಳೇ ಮನೆ ಆಗಿದ್ದು ಹಳೇ ಪೇಂಟ್ ಪದರದಲ್ಲಿ ಸೀಸ ಇರೋ ಸಾಧ್ಯತೆ ಇದ್ರೆ ಒಣ ಸ್ಯಾಂಡ್ ಪೇಪರ್ ಉಜ್ಜಬೇಡಿ, ಆ ಧೂಳು ಮಕ್ಕಳಿಗೆ ತುಂಬಾ ಕೆಟ್ಟದ್ದು, ಮೊದಲು ಪರೀಕ್ಷೆ ಮಾಡಿಸಿ.

ಹೊಸ ಪ್ಲಾಸ್ಟರ್ ವಿಷಯಕ್ಕೆ ಬರ್ತೀನಿ, ಸೂಚಕದ ಮಾತು ಇಲ್ಲಿ ಬೇಕು. ಸಿಮೆಂಟ್ ಸುಣ್ಣದ ಹೊಸ ಪ್ಲಾಸ್ಟರ್ ತುಂಬಾ ಕ್ಷಾರ, ಹೊಸ ಕಾಂಕ್ರೀಟಿನ ಪಿಎಚ್ 12ರಿಂದ 13 ಇರತ್ತೆ. ಸಿವಿಲ್ ಇಂಜಿನಿಯರ್‌ಗಳು ಹಳೇ ಕಾಂಕ್ರೀಟ್ ಒಡೆದು ಫಿನಾಲ್ಫ್‌ಥಲೀನ್ ಸ್ಪ್ರೇ ಮಾಡಿ ಗುಲಾಬಿ ಬಂದ್ರೆ ಕ್ಷಾರ ಇನ್ನೂ ಉಳಿದಿದೆ ಅಂತ ಪರೀಕ್ಷೆ ಮಾಡೋದು ಇದರಿಂದಾನೇ. ಅಂಥ ಹಸಿ ಪ್ಲಾಸ್ಟರ್ ಮೇಲೆ ಈ ಪೇಂಟ್ ಹೊಡೆದ್ರೆ ಗುಲಾಬಿ ಬೇಗ ಹೋಗದೆ ಪ್ಯಾಚ್ ಪ್ಯಾಚಾಗಿ ನಿಲ್ಲೋ ಸಾಧ್ಯತೆ ಇದೆ. ಪ್ಲಾಸ್ಟರ್ ಮಾಗೋಕೆ ಟೈಮ್ ಕೊಡಿ, ಕ್ಷಾರ ತಡೆಯೋ ಪ್ರೈಮರ್ ಹೊಡೀರಿ. ಸೂಚಕದ ಎರಡನೇ ಮಾತು ಕ್ಲೀನಿಂಗ್. ಸೋಡಾ ನೀರು, ಅಮೋನಿಯಾ ಕ್ಲೀನರ್, ಬ್ಲೀಚ್ ಇಂಥದ್ರಲ್ಲಿ ಆಮೇಲೆ ಯಾವಾಗ್ಲಾದ್ರೂ ಸೀಲಿಂಗ್ ಒರೆಸಿದ್ರೆ ಅಲ್ಲಿ ಗುಲಾಬಿ ಮತ್ತೆ ಮೂಡಬಹುದು, ಒಣಗಿದ ಮೇಲೆ ಹೋಗತ್ತೆ. ಪೇಂಟ್ ಹಾಳಾಯ್ತು ಅಂತ ಹೆದರ್ಬೇಡಿ. ಹಾಗೂ ಮ್ಯಾಟ್ ಪೇಂಟನ್ನ ಜೋರಾಗಿ ಉಜ್ಜಬೇಡಿ, ಉಜ್ಜಿದ ಜಾಗ ಹೊಳಪು ಬಂದು ಬೇರೆ ಕಾಣತ್ತೆ, ಒಣ ಬಟ್ಟೆ ಅಥವಾ ಒದ್ದೆ ಹಿಂಡಿದ ಬಟ್ಟೆ ಮೆತ್ತಗೆ ಸಾಕು. ಬಾತ್‌ರೂಮಿಗೆ, ಅಡುಗೆಮನೆ ಒಲೆ ಮೇಲಿನ ಸೀಲಿಂಗಿಗೆ ಈ ಪೇಂಟ್ ತಗೋಬೇಡಿ, ಆವಿ ಬೂಷ್ಟು ತಡೆಯೋ ಪೇಂಟೇ ಬೇರೆ ಸಿಗತ್ತೆ.

ರೋಲರ್ ಬಗ್ಗೆ ಹೇಳದಿದ್ರೆ ಈ ರಿವ್ಯೂ ಅರ್ಧ, ಯಾಕಂದ್ರೆ ಒಳ್ಳೇ ಪೇಂಟನ್ನ ಕೆಟ್ಟ ರೋಲರ್ ಹಾಳು ಮಾಡತ್ತೆ. ನುಣುಪಾದ ಸೀಲಿಂಗಿಗೆ ಬಟ್ಟೆಯ ಎಳೆ 10 ಮಿಲಿಮೀಟರ್ ಆಸುಪಾಸು ಉದ್ದ ಇರೋ ಮೈಕ್ರೋಫೈಬರ್ ರೋಲರ್, ಸ್ವಲ್ಪ ಒರಟಾಗಿದ್ರೆ 12, ತುಂಬಾ ಒರಟಾಗಿದ್ರೆ 18ರಿಂದ 20. ಅಗಲ 9 ಇಂಚು ಸಾಕು, 18 ಇಂಚಿನದ್ದು ಬೇಗ ಕೆಲಸ ಮಾಡತ್ತೆ ಆದ್ರೆ ಪೇಂಟ್ ಹೀರಿದ ಮೇಲೆ ತಲೆ ಮೇಲೆ ಎತ್ತಿ ಹಿಡಿಯೋಕೆ ಭಾರ. ಹೊಸ ರೋಲರಿಗೆ ಮೊದಲು ಮಾಸ್ಕಿಂಗ್ ಟೇಪ್ ಸುತ್ತಿ ಆ ಟೇಪ್ ಕೀಳಿ, ಬಿಡೋ ಎಳೆಗಳು ಟೇಪಿಗೆ ಬರತ್ತೆ, ಇಲ್ಲಾಂದ್ರೆ ಸೀಲಿಂಗಲ್ಲಿ ಕೂದಲಿನ ಹಾಗೆ ಅಂಟ್ಕೊಂಡು ಒಣಗತ್ತೆ. ಉದ್ದ ಮಾಡ್ಬಹುದಾದ ಕೋಲು ಕಡ್ಡಾಯ ಅಂತ ನನ್ನ ಅಭಿಪ್ರಾಯ, ಏಣಿ ಮೇಲೆ ನಿಂತು ರೋಲರ್ ಎಳೆಯೋದಕ್ಕಿಂತ ನೆಲದ ಮೇಲೆ ನಿಂತು, ರೋಲರ್ ನೇರ ತಲೆ ಮೇಲೆ ಬಾರದ ಹಾಗೆ ಸ್ವಲ್ಪ ಮುಂದೆ ಇಟ್ಕೊಂಡು ಹೊಡೆದ್ರೆ ಕತ್ತು ಉಳಿಯತ್ತೆ, ಪೇಂಟ್ ಕಣ್ಣಿಗೂ ಬೀಳಲ್ಲ. ಆದ್ರೂ ಕನ್ನಡಕ, ಟೋಪಿ ಹಾಕ್ಕೊಳ್ಳಿ. ರೋಲರ್ ನಿಧಾನವಾಗಿ ಉರುಳಿಸಿ, ಜೋರಾಗಿ ಉರುಳಿಸಿದಷ್ಟೂ ಹನಿ ಜಾಸ್ತಿ ಸಿಡಿಯತ್ತೆ. ಫ್ಯಾನ್, ಲೈಟ್ ಹತ್ರ ಒದ್ದೆ ಬ್ರಶ್ ತಗೊಂಡು ಹೋಗೋ ಮುಂಚೆ ಆ ಸರ್ಕ್ಯೂಟ್ ಮೇನ್‌ನಲ್ಲೇ ಆಫ್ ಮಾಡಿ, ಗೋಡೆ ಸ್ವಿಚ್ ಆಫ್ ಮಾಡಿದ್ರೆ ಸಾಲದು.

ಹನಿ ಅಂದ್ರೆ ನೆನಪಾಯ್ತು, ನೆಲದ ಮೇಲೆ ಬಿದ್ದ ಹನಿನೂ ಗುಲಾಬಿಯಾಗೇ ಕಾಣತ್ತೆ, ಒರೆಸೋಕೆ ಸುಲಭ. ಆದ್ರೆ ಆಗಿಂದಾಗ್ಗೆ ಒರೆಸಿ, ಒಂದು ಹೊತ್ತಾದ್ರೆ ಬಿಳಿ ಆಗಿ ಬಿಳಿ ಟೈಲ್ಸಲ್ಲಿ ಕಳೆದುಹೋಗತ್ತೆ, ಆಮೇಲೆ ಕಾಲಿಗೆ ತಾಗಿದಾಗಲೇ ಗೊತ್ತಾಗೋದು.

ಎಷ್ಟು ಪೇಂಟ್ ಬೇಕು ಅನ್ನೋ ಲೆಕ್ಕ: ನುಣುಪಾದ ಮೇಲ್ಮೈಗೆ ಒಂದು ಲೀಟರ್ ಒಂದು ಕೋಟ್‌ಗೆ ಸುಮಾರು 10ರಿಂದ 12 ಚದರ ಮೀಟರ್ ಬರತ್ತೆ. 12 ಅಡಿ ಉದ್ದ 12 ಅಡಿ ಅಗಲದ ರೂಮ್ ಅಂದ್ರೆ ಸುಮಾರು 13.4 ಚದರ ಮೀಟರ್, ಎರಡು ಕೋಟ್‌ಗೆ 27, ಅಂದ್ರೆ ಎರಡೂವರೆ ಲೀಟರ್ ಹತ್ರ, ರೋಲರ್ ಟ್ರೇಲಿ ಉಳಿಯೋದು ಸೇರಿಸಿ ಮೂರು ತಗೊಳ್ಳಿ. ಒಂದಕ್ಕಿಂತ ಹೆಚ್ಚು ಡಬ್ಬ ಇದ್ರೆ ಎಲ್ಲಾ ಒಂದೇ ದೊಡ್ಡ ಬಕೆಟ್ಟಿಗೆ ಸುರಿದು ಬೆರೆಸಿ, ಡಬ್ಬದಿಂದ ಡಬ್ಬಕ್ಕೆ ಬಿಳುಪು ಕೂದಲೆಳೆಯಷ್ಟು ಬದಲಾಗತ್ತೆ, ಸೀಲಿಂಗಲ್ಲಿ ಅದೂ ಕಾಣತ್ತೆ.

ಹೊಡೆಯೋ ಕ್ರಮ ಹೀಗಿಟ್ಕೊಳ್ಳಿ. ಅಂಚಿಗೆ ಎರಡು ಎರಡೂವರೆ ಇಂಚಿನ ಬ್ರಶ್ಶಿಂದ ಸ್ವಲ್ಪ ದೂರ ಮಾತ್ರ ಹೊಡೆದು ಕೂಡ್ಲೇ ರೋಲರ್ ತಗೊಳ್ಳಿ, ಇಡೀ ರೂಮಿನ ಅಂಚು ಮುಗಿಸಿ ಆಮೇಲೆ ರೋಲರ್ ಅಂದ್ರೆ ಅಂಚು ಒಣಗಿ ಚೌಕಟ್ಟಿನ ಹಾಗೆ ಕಾಣತ್ತೆ. ಗುಲಾಬಿ ಪೇಂಟಲ್ಲಿ ಈ ಚೌಕಟ್ಟು ಪೇಲವ ಆಗ್ತಿರೋದು ಕಣ್ಣಿಗೆ ಕಾಣೋದ್ರಿಂದ ಇಬ್ಬರಿದ್ದಾಗ ಒಬ್ಬರು ಬ್ರಶ್ ಒಬ್ಬರು ರೋಲರ್ ಹಿಡಿದು ಹೊಂದಿಸ್ಕೊಂಡು ಹೋಗ್ಬಹುದು. ರೂಮಿನ ಕಿರಿದಾದ ಅಗಲಕ್ಕೆ ಪಟ್ಟಿ ಎಳೆದ್ರೆ ಹಸಿ ಅಂಚು ಚಿಕ್ಕದಾಗಿರತ್ತೆ, ಮೊದಲ ಕೋಟ್ ಹಾಗೆ. ಕೊನೇ ಕೋಟ್ ಮಾತ್ರ ದೊಡ್ಡ ಕಿಟಕಿಯ ಬೆಳಕು ಬರೋ ದಿಕ್ಕಲ್ಲೇ ಎಳೀರಿ, ಅಡ್ಡ ಎಳೆದ್ರೆ ಪ್ರತಿ ಪಟ್ಟಿಯ ಅಂಚಿಗೂ ಬೆಳಕು ತಾಗಿ ನೆರಳು ಬೀಳತ್ತೆ. ಎರಡು ಕೋಟ್ ಮಧ್ಯೆ ರೋಲರನ್ನ ಪ್ಲಾಸ್ಟಿಕ್ ಕವರಲ್ಲಿ ಗಾಳಿ ಹೋಗದ ಹಾಗೆ ಸುತ್ತಿಡಿ, ತೊಳೆಯೋ ಕೆಲಸ ಒಂದು ಸಲ ಉಳಿಯತ್ತೆ.

ಯಾರು ತಗೋಬೇಕು ಅಂತ ಕೇಳಿದ್ರೆ, ಬಿಳಿ ಸೀಲಿಂಗಿಗೆ ಬಿಳಿನೇ ಹೊಡೆಯೋರು, ಮನೇಲಿ ತಾವೇ ಹೊಡೆಯೋರು, ಅದರಲ್ಲೂ ಬೆಳಕು ಕಮ್ಮಿ ಇರೋ ರೂಮು ಅಥವಾ ದೊಡ್ಡ ಹಾಲ್ ಇರೋರು ಕಣ್ಮುಚ್ಚಿ ತಗೋಬಹುದು, ಹೆಚ್ಚಿಗೆ ಕೊಟ್ಟ ದುಡ್ಡು ವಸೂಲಿ ಆಗತ್ತೆ. ಹಳೇ ಸೀಲಿಂಗ್ ಹಳದಿಯೋ ಬೂದಿಯೋ ಇದ್ರೆ ಮಾಮೂಲಿ ಬಿಳಿ ಪೇಂಟೇ ಎದ್ದು ಕಾಣತ್ತೆ, ಗುಲಾಬಿ ಬೇಕಿಲ್ಲ. ಕೈ ಪಳಗಿದ ಪೇಂಟರ್‌ಗೂ ಬೇಕಿಲ್ಲ, ಅವರು ರೋಲರ್ ಸದ್ದಲ್ಲೇ ಪೇಂಟ್ ಕಮ್ಮಿ ಆಗಿದ್ದನ್ನ ಹಿಡೀತಾರೆ. ಬಿಳಿ ಬಿಟ್ಟು ಬೇರೆ ಶೇಡ್ ಬೇಕಂದ್ರೂ ಇದು ನಿಮಗಲ್ಲ.

ಉಳಿದ ಪೇಂಟನ್ನ ಅಂಚು ಒರೆಸಿ ಮುಚ್ಚಳ ಬಿಗಿ ಮಾಡಿ ನೆರಳಲ್ಲಿ ಇಡಿ, ಮೇಲೆ ರೂಮಿನ ಹೆಸರು ತಾರೀಕು ಬರೀರಿ. ಮುಂದೆ ಎಲ್ಲಾದ್ರೂ ಗೀಚು ಬಿದ್ರೆ ಟಚಪ್ಪಿಗೆ ಬ್ರಶ್ ಬೇಡ, ಬ್ರಶ್ ಗುರುತು ರೋಲರ್ ಮೇಲ್ಮೈ ಮಧ್ಯೆ ಪ್ಯಾಚಾಗಿ ಉಳಿಯತ್ತೆ, 4 ಇಂಚಿನ ಚಿಕ್ಕ ರೋಲರ್ ತಗೊಳ್ಳಿ, ಅದೇ ಥರದ ಬಟ್ಟೆ ಇರೋದೇ ಆಗ್ಬೇಕು, ಮಧ್ಯದಿಂದ ಹೊರಗೆ ತೆಳುವಾಗಿ ಎಳ್ಕೊಂಡು ಬನ್ನಿ.